ಕನ್ನಡ ಮಹಾಪ್ರಬಂಧಕ್ಕೆ ಜೊಟೆರೊ: ಮೊದಲ ನಮೂದಿನಿಂದ ಅಂತಿಮ ಪ್ರತಿಯವರೆಗೆ

ಮಹಾಪ್ರಬಂಧ ಸಲ್ಲಿಸಲು ವಾರವಿರುವಾಗ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಒಂದೇ. ಗ್ರಂಥಸೂಚಿಯಲ್ಲಿ ಒಂದೇ ಪುಸ್ತಕ ಎರಡು ಸಲ ಬಂದಿದೆ. ಒಬ್ಬರೇ ಲೇಖಕರ ಹೆಸರು ಒಂದು ಕಡೆ ಇನಿಷಿಯಲ್ ಸಮೇತ ಇದೆ, ಇನ್ನೊಂದು ಕಡೆ ಇಲ್ಲ. ಡಿಟಿಪಿ ಅಂಗಡಿಗೆ ಹೋಗಿ ಬಂದ ಫೈಲಿನಲ್ಲಿ ಉಲ್ಲೇಖಗಳು ಹೊಸ ವಿವರ ಪಡೆಯುತ್ತಲೇ ಇಲ್ಲ. ಆಕರಗಳ ವಿವರ ಕೂಡಿಟ್ಟು ಉಲ್ಲೇಖ, ಗ್ರಂಥಸೂಚಿಗಳನ್ನು ತಾನೇ ಕಟ್ಟಿಕೊಡುವ ಜೊಟೆರೊ ತಂತ್ರಾಂಶ ಬಳಸಿಯೂ ಹೀಗಾಯಿತಲ್ಲ ಎಂದು ಸಂಶೋಧನಾರ್ಥಿಗಳು ತಲೆ ಚಚ್ಚಿಕೊಳ್ಳುತ್ತಾರೆ. ನಾನು ಕಂಡಂತೆ ತಂತ್ರಾಂಶದ ದೋಷ ಇದರಲ್ಲಿ ಕಡಿಮೆ, ಕೆಲಸದ ಅನುಕ್ರಮ ತಪ್ಪಿದ್ದೇ ಹೆಚ್ಚು. ವರ್ಡ್‌ನಲ್ಲಿ ಮೊದಲ ಉಲ್ಲೇಖ ಸೇರಿಸುವ ಮುನ್ನವೇ ಲೈಬ್ರರಿ, ಅಂದರೆ ಜೊಟೆರೊದೊಳಗಿನ ನಮೂದುಗಳ ಸಂಗ್ರಹ, ಶುಚಿಯಾಗಿರಬೇಕು. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ, ಹಿಂದುಮುಂದು ಮಾಡಬೇಡಿ.

ಕೂರುವ ಮುನ್ನ ಏನೇನು ಬೇಕು

ವಿಂಡೋಸ್, ಮ್ಯಾಕ್ ಅಥವಾ ಲಿನಕ್ಸ್ ಇರುವ ಕಂಪ್ಯೂಟರ್ ಬೇಕು. ಮೊಬೈಲ್‌ನಲ್ಲಿ ಓದಬಹುದು, ಗುರುತು ಹಾಕಬಹುದು. ಮಹಾಪ್ರಬಂಧ ಕಟ್ಟುವ ಕೆಲಸ ಅದರಲ್ಲಿ ಸಾಗದು. ಜೊಟೆರೊ ತಂತ್ರಾಂಶ, ಬ್ರೌಸರ್‌ಗೆ ಜೊಟೆರೊ ಕನೆಕ್ಟರ್ (ಜಾಲಪುಟದಿಂದ ಆಕರದ ವಿವರವನ್ನು ಜೊಟೆರೊಗೆ ಕಳುಹಿಸುವ ಗುಂಡಿ), ಬರೆಯಲು ಮೈಕ್ರೋಸಾಫ್ಟ್ ವರ್ಡ್ ಅಥವಾ ಲಿಬ್ರೆಆಫೀಸ್ ರೈಟರ್ ಇರಲಿ. ಬ್ಯಾಕಪ್‌ಗೆ ಒಂದು ಪೆನ್‌ಡ್ರೈವ್ ಪ್ರತ್ಯೇಕವಾಗಿ ತೆಗೆದಿಡಿ.

ಇಷ್ಟೆಲ್ಲಕ್ಕಿಂತ ಮುಖ್ಯ ಯೂನಿಕೋಡ್ ಕನ್ನಡ. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪು ಮಾಡುವ ರೂಢಿಯಿದ್ದರೆ ಮೊದಲು ಅದನ್ನು ಬಿಡಿ. ಆಸ್ಕಿಯಲ್ಲಿ ನೀವು 'ಕನ್ನಡ' ಎಂದು ಬರೆದದ್ದು ಕಂಪ್ಯೂಟರಿನ ಪಾಲಿಗೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತವೂ ಸೇರಿ ಇನ್ನು ಕೆಲವು ರೋಮನ್ ಅಕ್ಷರಗಳು. ವರ್ಡ್‌ನಲ್ಲಿ ನುಡಿ ಫಾಂಟು ಹಾಕಿದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಜೊಟೆರೊಗೆ ತಂದು ಅಂಟಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಅಧ್ಯಾಯಗಳು ಈಗಾಗಲೇ ಆಸ್ಕಿಯಲ್ಲಿದ್ದರೆ ನುಡಿ, ಬರಹ ಎರಡರಲ್ಲೂ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಮುಂದುವರಿಯಿರಿ. ಅರ್ಧ ಆಸ್ಕಿ, ಅರ್ಧ ಯೂನಿಕೋಡ್ ಇರುವ ಫೈಲಿಗೆ ಉಲ್ಲೇಖ ಸೇರಿಸಲು ಹೊರಡುವುದು ಕಷ್ಟವನ್ನು ಕರೆದು ಕೂರಿಸಿಕೊಂಡಂತೆ.

ಹಂತ 1: ಇನ್‌ಸ್ಟಾಲ್ ಮಾಡಿ, ಫೋಲ್ಡರ್ ಎಲ್ಲಿದೆಯೆಂದು ನೋಡಿಕೊಳ್ಳಿ

ವರ್ಡ್ ಮುಚ್ಚಿ ಜೊಟೆರೊ ಇನ್‌ಸ್ಟಾಲ್ ಮಾಡಿ. ಬಳಿಕ ವರ್ಡ್ ತೆರೆದರೆ ಮೇಲ್ಸಾಲಿನಲ್ಲಿ ಜೊಟೆರೊ ಎಂಬ ಟ್ಯಾಬ್ ಬಂದಿರಬೇಕು. ಬರದಿದ್ದರೆ ಜೊಟೆರೊದ ಸೆಟ್ಟಿಂಗ್ಸ್‌ನಲ್ಲಿ ಸಿ ಅಕ್ಷರದಿಂದ ಶುರುವಾಗುವ 'ಸೈಟ್' ವಿಭಾಗಕ್ಕೆ ಹೋಗಿ, ವರ್ಡ್ ಪ್ರೊಸೆಸರ್ಸ್ ಎಂಬಲ್ಲಿ ಆಡ್-ಇನ್ ಅನ್ನು ಮರಳಿ ಇನ್‌ಸ್ಟಾಲ್ ಮಾಡುವ ಗುಂಡಿ ಒತ್ತಿ. ಲಿಬ್ರೆಆಫೀಸ್‌ನಲ್ಲಿ ಕಾಣದಿದ್ದರೆ ಕಂಪ್ಯೂಟರಿನಲ್ಲಿ ಜಾವಾ ಇದೆಯೇ ಎಂದು ಮೊದಲು ನೋಡಿ.

ನೀವು ಕೂಡಿಡುವುದೆಲ್ಲ ನಿಮ್ಮ ಹೋಮ್ ಫೋಲ್ಡರ್‌ನೊಳಗಿನ 'ಜೊಟೆರೊ' ಫೋಲ್ಡರ್‌ನಲ್ಲಿರುತ್ತದೆ. ನಮೂದುಗಳು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಫೈಲಿನಲ್ಲಿ, ಪಿಡಿಎಫ್‌ಗಳು 'ಸ್ಟೋರೇಜ್' ಎಂಬ ಒಳಫೋಲ್ಡರ್‌ನಲ್ಲಿ. ಈ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಒಳಗೆ ಇಡಲೇಬೇಡಿ. ಜೊಟೆರೊ ಫೈಲಿಗೆ ಬರೆಯುತ್ತಿರುವಾಗಲೇ ಕ್ಲೌಡ್ ಸೇವೆ ಅದನ್ನು ಎಳೆದುಕೊಂಡರೆ ಡೇಟಾಬೇಸ್ ಕೆಡುತ್ತದೆ.

ಎರಡು ಕಂಪ್ಯೂಟರುಗಳಲ್ಲಿ ಕೆಲಸವಿದ್ದರೆ ಜೊಟೆರೊ ಖಾತೆ ತೆರೆದು ಅದರದೇ ಸಿಂಕ್ ಬಳಸಿ. ನಮೂದುಗಳ ಸಿಂಕ್‌ಗೆ ಮಿತಿಯಿಲ್ಲ. ಪಿಡಿಎಫ್‌ಗಳಿಗೆ ಮಾತ್ರ ಉಚಿತವಾಗಿ 300 ಎಂಬಿ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಕೆಲವೇ ಸಾಕು, ಆ ಜಾಗ ತುಂಬಿಹೋಗುತ್ತದೆ. ಆಗ ಫೈಲ್ ಸಿಂಕ್ ನಿಲ್ಲಿಸಿ ನಮೂದುಗಳನ್ನಷ್ಟೇ ಸಿಂಕ್ ಮಾಡಿದರೂ ನಡೆಯುತ್ತದೆ.

ಸಿಂಕ್ ಇದೆಯೆಂದು ಬ್ಯಾಕಪ್ ಬಿಡಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ವಾರಕ್ಕೊಮ್ಮೆ ಜೊಟೆರೊ ಮುಚ್ಚಿ, ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಿ. ತೆರೆದಿರುವಾಗ ಮಾಡಿದ ನಕಲನ್ನು ನಂಬುವಂತಿಲ್ಲ.

ಹಂತ 2: ಮಾರ್ಗದರ್ಶಕರ ಮುಂದೆ ಕೂತು ಮೂರು ವಿಷಯ ಇತ್ಯರ್ಥ ಮಾಡಿ

ಇದನ್ನು ಹಾರಿಸಿದವರೇ ಕೊನೆಗೆ ಹೆಚ್ಚು ಒದ್ದಾಡುವುದು. ಮೊದಲನೆಯದು ಉಲ್ಲೇಖ ಶೈಲಿ: ಎಂಎಲ್‌ಎ, ಎಪಿಎ, ಶಿಕಾಗೊ, ಇಲ್ಲವೇ ವಿಶ್ವವಿದ್ಯಾಲಯವೇ ಹೇಳಿರುವ ಬೇರೇನಾದರೂ. ಉಲ್ಲೇಖ ವಾಕ್ಯದೊಳಗೆ ಆವರಣದಲ್ಲಿ ಬರಬೇಕೋ ಅಡಿಟಿಪ್ಪಣಿಯಲ್ಲೋ ಎಂಬುದೂ ಇದರಲ್ಲೇ ತೀರ್ಮಾನವಾಗುತ್ತದೆ. ಅವರು ಒಪ್ಪಿದ ಹಿಂದಿನ ಮಹಾಪ್ರಬಂಧವೊಂದನ್ನು ತೆರೆದಿಟ್ಟುಕೊಂಡು ಕೇಳಿದರೆ ಬೇಗ ಮುಗಿಯುತ್ತದೆ.

ಎರಡನೆಯದು ಲಿಪಿ. ಕನ್ನಡ ಪುಸ್ತಕಗಳ ವಿವರ ಕನ್ನಡ ಲಿಪಿಯಲ್ಲಿರಬೇಕೇ, ರೋಮನ್ ಲಿಪಿಯಲ್ಲೇ? ಕನ್ನಡ ಪ್ರಬಂಧಕ್ಕೆ ಕನ್ನಡ ಲಿಪಿ ಸಹಜ. ಇಂಗ್ಲಿಷಿನಲ್ಲಿ ಬರೆಯುವ ಇತಿಹಾಸ, ಸಮಾಜಶಾಸ್ತ್ರದವರಿಗೆ ರೋಮನ್ ಬೇಕಾಗಬಹುದು. ಎರಡನ್ನೂ ಬೆರೆಸುವುದು ಮಾತ್ರ ಬೇಡ.

ಮೂರನೆಯದು ಹೆಸರು. 'ಎಂ. ಶಿವಣ್ಣ' ಎಂಬ ಲೇಖಕರು ಸೂಚಿಯಲ್ಲಿ 'ಶಿವಣ್ಣ, ಎಂ.' ಆಗಬೇಕೇ, 'ಶಿವಣ್ಣ ಎಂ.' ಆಗಬೇಕೇ, ಇದ್ದ ಹಾಗೇ ಇರಬೇಕೇ? ಇನಿಷಿಯಲ್‌ಗಳ ನಡುವೆ ಜಾಗ ಬಿಡಬೇಕೇ? ಚಿಲ್ಲರೆ ಪ್ರಶ್ನೆಯೆನಿಸಬಹುದು. ನಾಲ್ಕನೇ ಹಂತಕ್ಕೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಂತ 3: ಆಕರಗಳನ್ನು ಒಳಗೆ ತನ್ನಿ

ಇಂಗ್ಲಿಷ್ ಜರ್ನಲ್ ಲೇಖನಗಳಿಗೆ ಹೆಚ್ಚು ಶ್ರಮವಿಲ್ಲ. ಲೇಖನದ ಪುಟ ತೆರೆದು ಕನೆಕ್ಟರ್ ಗುಂಡಿ ಒತ್ತಿ, ಅಥವಾ ಜೊಟೆರೊದಲ್ಲಿ ಮಂತ್ರದಂಡದ ಚಿತ್ರವಿರುವ ಗುಂಡಿ ಒತ್ತಿ ಡಿಒಐ (ಲೇಖನದ ಕಾಯಂ ಗುರುತು) ಸಂಖ್ಯೆ ಕೊಡಿ. ವಿವರ ತಾನಾಗಿ ತುಂಬುತ್ತದೆ.

ಒತ್ತುವ ಮುನ್ನ ಕನೆಕ್ಟರ್‌ನ ಚಿತ್ರ ನೋಡುವ ಅಭ್ಯಾಸವಿರಲಿ. ಪುಸ್ತಕದ ಪುಟದಲ್ಲಿ ಪುಸ್ತಕದ ಚಿತ್ರ, ಲೇಖನಕ್ಕೆ ಹಾಳೆಯ ಚಿತ್ರ, ಹುಡುಕಾಟದ ಪಟ್ಟಿಯಿದ್ದರೆ ಫೋಲ್ಡರ್. ಬೂದು ಬಣ್ಣದ ಹಾಳೆ ಕಂಡರೆ ಜೊಟೆರೊಗೆ ಅಲ್ಲಿ ಗ್ರಂಥವಿವರ ಸಿಕ್ಕಿಲ್ಲ ಎಂದರ್ಥ. ಆಗ ಒತ್ತಿದರೆ ಬರೀ 'ವೆಬ್ ಪೇಜ್' ಆಗಿ ಸೇರುತ್ತದೆ, ಗ್ರಂಥಸೂಚಿಯಲ್ಲಿ ಪುಸ್ತಕದ ಜಾಗದಲ್ಲಿ ಜಾಲತಾಣದ ವಿಳಾಸ ಬಂದು ಕೂರುತ್ತದೆ.

ಕನ್ನಡ ಪುಸ್ತಕಗಳ ಮಾತು ಬೇರೆ. ಹಳೆಯವಕ್ಕೆ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಇರುವುದಿಲ್ಲ. ಇದ್ದು, ಹುಡುಕಿ ಸಿಕ್ಕರೂ ವಿವರ ಬರುವುದು ವಿದೇಶಿ ಗ್ರಂಥಾಲಯಗಳ ಕ್ಯಾಟಲಾಗಿನಿಂದ. ಅಕ್ಷರಗಳ ಮೇಲೆ ಗೀಟು, ಕೆಳಗೆ ಚುಕ್ಕಿ ಇರುವ ರೋಮನ್ ಲಿಪ್ಯಂತರದಲ್ಲಿ. ಕನ್ನಡ ಲಿಪಿ ಎಂದು ತೀರ್ಮಾನಿಸಿದ್ದರೆ ಕೈಯಿಂದಲೇ ತುಂಬಿ. ಪುಸ್ತಕದ ಶೀರ್ಷಿಕೆ ಪುಟ ಮತ್ತು ಮುದ್ರಣ ವಿವರದ ಪುಟದ ಫೋಟೊ ಹೊಡೆದಿಟ್ಟುಕೊಂಡು, ಹತ್ತಿಪ್ಪತ್ತು ಪುಸ್ತಕಗಳನ್ನು ಒಂದೇ ಸಲ ಕೂತು ಮುಗಿಸುವುದು ಲೇಸು. ಬಿಡಿಬಿಡಿಯಾಗಿ ಮಾಡಿದರೆ ಪ್ರತಿ ಸಲವೂ ಒಂದೊಂದು ಥರ ಬರೆದಿರುತ್ತೀರಿ.

ಪಿಡಿಎಫ್ ಎಳೆದು ಹಾಕಿದರೆ ವಿವರ ಬಂದೀತೆಂಬ ನಂಬಿಕೆ ಕನ್ನಡದ ಮಟ್ಟಿಗೆ ಬೇಡ. ಸಾಮಾನ್ಯವಾಗಿ ಅದು ಒಂದೋ ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಆಸ್ಕಿ ಫಾಂಟಿನಿಂದ ಕಟ್ಟಿದ್ದು. ಪಟ್ಟಿಯಲ್ಲಿ ಪಿಡಿಎಫ್ ಒಂಟಿಯಾಗಿ ನಿಂತಿದ್ದರೆ ಅದನ್ನು ಉಲ್ಲೇಖಿಸಲಾಗದು. ಬಲ ಕ್ಲಿಕ್ ಮಾಡಿ 'ಕ್ರಿಯೇಟ್ ಪೇರೆಂಟ್ ಐಟಂ', ಆಮೇಲೆ 'ಮ್ಯಾನುಯಲ್ ಎಂಟ್ರಿ' ಆರಿಸಿ ವಿವರ ತುಂಬಿ.

ಭಾರತೀಯ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಜಾಲಸಂಗ್ರಹವಾದ ಶೋಧಗಂಗಾದಿಂದ ಮಹಾಪ್ರಬಂಧ ತರುವಾಗ ಇನ್ನೊಂದು ಎಚ್ಚರಿಕೆ. ಅಲ್ಲಿ ಒಂದೇ ಪ್ರಬಂಧದ ಅಧ್ಯಾಯಗಳು ಬೇರೆಬೇರೆ ಪಿಡಿಎಫ್‌ಗಳಾಗಿರುತ್ತವೆ. 'ಥೀಸಿಸ್' ಮಾದರಿಯ ಒಂದೇ ನಮೂದು ಮಾಡಿ, ಬೇಕಾದ ಅಧ್ಯಾಯಗಳನ್ನು ಅದರಡಿ ಸೇರಿಸಿ. ಅಧ್ಯಾಯಕ್ಕೊಂದು ನಮೂದು ಮಾಡಿದರೆ ಒಂದೇ ಪ್ರಬಂಧ ಸೂಚಿಯಲ್ಲಿ ಐದಾರು ಸಾಲು ಹಿಡಿಯುತ್ತದೆ.

ಹಂತ 4: ಕನ್ನಡ ನಮೂದುಗಳನ್ನು ತಿದ್ದಿ

ಹೆಚ್ಚು ಹೊತ್ತು ಬೇಡುವ ಹಂತ ಇದು. ಒಂದೊಂದೇ ನಮೂದು ತೆರೆದು ಕೆಳಗಿನವನ್ನು ನೋಡುತ್ತ ಹೋಗಿ.

*ಮಾದರಿ.* ಅಭಿನಂದನ ಗ್ರಂಥದಲ್ಲೋ ಸಂಪಾದಿತ ಸಂಪುಟದಲ್ಲೋ ಇರುವ ಲೇಖನವನ್ನು 'ಬುಕ್' ಎಂದು ಹಾಕುವುದು ತೀರಾ ಸಾಮಾನ್ಯ ತಪ್ಪು. ಅದು 'ಬುಕ್ ಸೆಕ್ಷನ್' ಆಗಬೇಕು. ಲೇಖನದ ಹೆಸರು ಶೀರ್ಷಿಕೆಯ ಜಾಗದಲ್ಲಿ, ಸಂಪುಟದ ಹೆಸರು ಪುಸ್ತಕದ ಜಾಗದಲ್ಲಿ, ಸಂಪಾದಕರು 'ಎಡಿಟರ್' ಆಗಿ. ಅನುವಾದಕರನ್ನು ಲೇಖಕರ ಸಾಲಿಗೆ ಸೇರಿಸಬೇಡಿ. ಹೆಸರಿನ ಎಡಗಡೆಯ ಪಟ್ಟಿಯಲ್ಲಿ 'ಟ್ರಾನ್ಸ್‌ಲೇಟರ್' ಇದೆ.

*ಹೆಸರು.* ಜೊಟೆರೊ ಹೆಸರಿಗೆ ಎರಡು ಮನೆ ಕೊಡುತ್ತದೆ: ಕುಲನಾಮಕ್ಕೊಂದು, ಉಳಿದದ್ದಕ್ಕೊಂದು. ಊರು, ತಂದೆಯ ಹೆಸರು ಇನಿಷಿಯಲ್ ಆಗಿರುವ ನಮ್ಮ ಹೆಸರುಗಳಲ್ಲಿ ಕುಲನಾಮ ಎಂಬುದು ಎಷ್ಟೋ ಸಲ ಇರುವುದೇ ಇಲ್ಲ. 'ಶಿವಣ್ಣ'ವನ್ನು ಮೊದಲ ಮನೆಯಲ್ಲೂ 'ಎಂ.' ಅನ್ನು ಎರಡನೆಯದರಲ್ಲೂ ಹಾಕಿ ಒಂದು ಮಾದರಿ ಸೂಚಿ ತೆಗೆದು ನೋಡಿ. ಕನ್ನಡ ಲಿಪಿಯ ಹೆಸರುಗಳು ಕಾಮಾ ಇಲ್ಲದೆ, ನಡುವೆ ಜಾಗವೂ ಇಲ್ಲದೆ ಅಂಟಿಕೊಂಡು ಬಂದರೆ ಪಕ್ಕದ ಆಯ್ಕೆಯಿಂದ ಹೆಸರನ್ನು ಒಂದೇ ಮನೆಯಾಗಿಸಿ 'ಶಿವಣ್ಣ ಎಂ.' ಎಂದು ಬರೆಯಿರಿ. ಆಗ ವಾಕ್ಯದೊಳಗಿನ ಉಲ್ಲೇಖದಲ್ಲೂ 'ಎಂ.' ಬರುತ್ತದೆ. ಕನ್ನಡ ಪ್ರಬಂಧಗಳಲ್ಲಿ ಅದು ಕಣ್ಣಿಗೆ ಚುಚ್ಚುವುದಿಲ್ಲ, ಬದಲಿಗೆ ಊರಿಗೊಬ್ಬರಂತಿರುವ ಶಿವಣ್ಣರ ನಡುವೆ ಗೊಂದಲ ತಪ್ಪುತ್ತದೆ. ನಾನಂತೂ ಒಂದೇ ಮನೆಯ ಪರ. ಸಂಸ್ಥೆಗಳ ಹೆಸರು ಯಾವಾಗಲೂ ಒಂದೇ ಮನೆಯಲ್ಲಿರಲಿ. ಇಲ್ಲದಿದ್ದರೆ 'ಕನ್ನಡ ಸಾಹಿತ್ಯ ಪರಿಷತ್ತು' ಮುರಿದು 'ಪರಿಷತ್ತು, ಕನ್ನಡ ಸಾಹಿತ್ಯ' ಆಗುತ್ತದೆ.

ಯಾವ ದಾರಿ ಹಿಡಿದರೂ ಒಬ್ಬ ಲೇಖಕರ ಹೆಸರು ಎಲ್ಲ ನಮೂದುಗಳಲ್ಲೂ ಅಕ್ಷರಶಃ ಒಂದೇ ಆಗಿರಬೇಕು. ಚುಕ್ಕಿಯ ನಂತರದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಎರಡು ಮನೆಯ ಪದ್ಧತಿಯಲ್ಲಿ ಎಪಿಎ ಶೈಲಿಯ ಉಲ್ಲೇಖದಲ್ಲಿ ಒಮ್ಮಿಂದೊಮ್ಮೆಲೆ ಇನಿಷಿಯಲ್ ಕಾಣಿಸಿಕೊಂಡರೆ ಅದೇ ಸೂಚನೆ: ಒಂದೇ ಕುಲನಾಮದ ಇಬ್ಬರು ಲೇಖಕರಿದ್ದಾರೆಂದು ಜೊಟೆರೊ ತಿಳಿದಿದೆ. ನಿಜಕ್ಕೂ ಇಬ್ಬರಿದ್ದರೆ ಸರಿ. ಇಲ್ಲದಿದ್ದರೆ ಎಲ್ಲೋ ಹೆಸರು ಬೇರೆ ಥರ ಬರೆದಿದ್ದೀರಿ.

*ಕಾಣದ ಅಕ್ಷರ.* 'ರಾಜ್‌ಕುಮಾರ್' ಎಂಬಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಸಂಕೇತವೊಂದಿರುತ್ತದೆ. ಕೀಲಿಮಣೆ ಬದಲಾದಂತೆ ಅದು ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಪಟ್ಟಿಯಲ್ಲಿ ಕಣ್ಣೆದುರಿಗೇ ಇರುವ ನಮೂದು ಹುಡುಕಿದಾಗ ಸಿಗುತ್ತಿಲ್ಲವೆಂದರೆ ಇದೇ ಕಾರಣವಿರಬಹುದು. ಸರಿಯಾದ ಒಂದು ನಮೂದಿನಿಂದ ಹೆಸರನ್ನು ನಕಲಿಸಿ ಉಳಿದೆಡೆ ಅಂಟಿಸಿ.

*ವರ್ಷ.* ದಿನಾಂಕದ ಜಾಗದಲ್ಲಿ ಕನ್ನಡ ಅಂಕಿ ಬೇಡ. ಜೊಟೆರೊಗೆ ವರ್ಷವೆಂದು ಗೊತ್ತಾಗುವುದು 2011ರಂಥ ಅಂಕಿಗಳಷ್ಟೇ. ಮರುಮುದ್ರಣ ಬಳಸುತ್ತಿದ್ದರೆ ಕೈಯಲ್ಲಿರುವ ಪ್ರತಿಯ ವರ್ಷವನ್ನು ದಿನಾಂಕದ ಜಾಗದಲ್ಲಿ ಹಾಕಿ. ಮೂಲ ವರ್ಷಕ್ಕೆ 'ಎಕ್ಸ್‌ಟ್ರಾ' ಎಂಬ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಒರಿಜಿನಲ್ ಡೇಟ್' ಎಂದು ಬರೆದು, ಕೋಲನ್ ಇಟ್ಟು ವರ್ಷ ಕೊಡಿ. ಕಿಟ್ಟೆಲ್ ನಿಘಂಟಿನ ಮರುಮುದ್ರಣವಾದರೆ ಅಲ್ಲಿ 1894 ಬರುತ್ತದೆ. ಎಪಿಎ ಶೈಲಿ ಎರಡೂ ವರ್ಷಗಳನ್ನು ನಡುವೆ ಓರೆಗೆರೆ ಹಾಕಿ ತೋರಿಸುತ್ತದೆ.

*ಭಾಷೆ.* 'ಲ್ಯಾಂಗ್ವೇಜ್' ಜಾಗದಲ್ಲಿ ಕನ್ನಡಕ್ಕೆ kn, ಇಂಗ್ಲಿಷಿಗೆ en ಎಂಬ ಎರಡಕ್ಷರದ ಸಂಕೇತ ಹಾಕಿ. ರೋಮನ್ ಲಿಪಿಯಲ್ಲಿ ಬರೆದ ಕನ್ನಡ ಶೀರ್ಷಿಕೆಗಳಿಗೆ ಇದು ಬೇಕೇ ಬೇಕು. ಇಲ್ಲದಿದ್ದರೆ ಎಂಎಲ್‌ಎ, ಶಿಕಾಗೊ ಶೈಲಿಗಳು ಅವನ್ನು ಇಂಗ್ಲಿಷೆಂದೇ ತಿಳಿದು ಪ್ರತಿ ಪದಕ್ಕೂ ದೊಡ್ಡಕ್ಷರ ಹಚ್ಚುತ್ತವೆ.

*ಶಾಸನ, ವಚನ.* ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯಿಂದ ನಲವತ್ತು ಶಾಸನ ಬಳಸಿದರೆ ನಲವತ್ತು ನಮೂದು ಬೇಡ. ಸಂಪುಟಕ್ಕೊಂದು ಸಾಕು. ಶಾಸನದ ಸಂಖ್ಯೆಯನ್ನು ಉಲ್ಲೇಖ ಸೇರಿಸುವಾಗ ಕೊಡುವ ಉಪಾಯ ಏಳನೇ ಹಂತದಲ್ಲಿದೆ. ವಚನ ಸಂಪುಟಗಳಿಗೂ ಇದೇ ಕ್ರಮ.

ಹಂತ 5: ಜೋಡಿ ನಮೂದುಗಳನ್ನು ಅಳಿಸಬೇಡಿ, ವಿಲೀನ ಮಾಡಿ

ಎಡಗಡೆಯ 'ಡೂಪ್ಲಿಕೇಟ್ ಐಟಮ್ಸ್' ಒತ್ತಿದರೆ ಒಂದೇ ಆಕರದ ಜೋಡಿಗಳು ಕಾಣುತ್ತವೆ. ಇಲ್ಲಿ ಒಂದನ್ನು ಅಳಿಸಿಬಿಟ್ಟರೆ ಆಯಿತೆಂದುಕೊಳ್ಳುವವರೇ ಬಹಳ. ಆದರೆ ಅಳಿಸಿದ್ದನ್ನೇ ಎರಡನೇ ಅಧ್ಯಾಯದಲ್ಲಿ ಉಲ್ಲೇಖಿಸಿದ್ದರೆ ಆ ಕೊಂಡಿ ಕಡಿಯುತ್ತದೆ. 'ಮರ್ಜ್' ಒತ್ತಿದರೆ ಹಳೆಯ ಉಲ್ಲೇಖಗಳು ಉಳಿದ ನಮೂದನ್ನು ತಾವಾಗಿ ಹಿಡಿದುಕೊಳ್ಳುತ್ತವೆ. ಎರಡೂ ಒಂದೇ ಮಾದರಿಯವಾಗಿದ್ದರೆ ಮಾತ್ರ ವಿಲೀನ ಸಾಧ್ಯ. ಒಂದು 'ಬುಕ್', ಇನ್ನೊಂದು 'ವೆಬ್ ಪೇಜ್' ಆಗಿದ್ದರೆ ಮೊದಲು ಮಾದರಿ ಸರಿಪಡಿಸಿ.

ಒಂದೇ ಪುಸ್ತಕ ಕನ್ನಡದಲ್ಲೊಮ್ಮೆ, ರೋಮನ್‌ನಲ್ಲೊಮ್ಮೆ ಇದ್ದು ಐಎಸ್‌ಬಿಎನ್ ಇಲ್ಲದಿದ್ದರೆ ಈ ಪಟ್ಟಿಗೆ ಅದು ಬರುವುದಿಲ್ಲ. ಪ್ರಕಾಶಕರ ಅಥವಾ ವರ್ಷದ ಕಾಲಂ ಪ್ರಕಾರ ಜೋಡಿಸಿ ಕಣ್ಣಾಡಿಸಿ.

ವರ್ಡ್‌ನಲ್ಲಿ ವರ್ಷದ ಪಕ್ಕ ಎ, ಬಿ ಅಕ್ಷರಗಳು ಹುಟ್ಟಿಕೊಂಡರೆ ಜೋಡಿ ನಮೂದು ಎಲ್ಲೋ ಉಳಿದಿದೆ ಎಂದು ತಿಳಿಯಿರಿ. ಆ ಲೇಖಕರು ಆ ವರ್ಷ ನಿಜಕ್ಕೂ ಎರಡು ಕೃತಿ ತಂದಿದ್ದರೆ ಮಾತ್ರ ಅದು ಸರಿ. ಗ್ರೂಪ್ ಲೈಬ್ರರಿ (ಹಲವರು ಹಂಚಿಕೊಳ್ಳುವ ಸಂಗ್ರಹ) ಬಳಸುವವರಿಗೆ ಇದು ಹೆಚ್ಚು: ಗ್ರೂಪಿನ ಪುಸ್ತಕ ಮತ್ತು 'ಮೈ ಲೈಬ್ರರಿ'ಯ ಅದೇ ಪುಸ್ತಕ ಜೊಟೆರೊ ಲೆಕ್ಕದಲ್ಲಿ ಬೇರೆಬೇರೆ. ಒಂದು ಪ್ರಬಂಧಕ್ಕೆ ಒಂದೇ ಕಡೆಯಿಂದ ಉಲ್ಲೇಖಿಸಿ.

ಹಂತ 6: ಒಂದು ಪುಟದ ಪರೀಕ್ಷೆ

ಖಾಲಿ ವರ್ಡ್ ಫೈಲಿನಲ್ಲಿ ಒಂದು ಕನ್ನಡ ಪುಸ್ತಕ, ಒಂದು ಬುಕ್ ಸೆಕ್ಷನ್, ಒಂದು ಅನುವಾದ, ಒಂದು ಇಂಗ್ಲಿಷ್ ಲೇಖನ, ಒಂದು ಮಹಾಪ್ರಬಂಧ ಇಷ್ಟನ್ನು ಉಲ್ಲೇಖಿಸಿ ಸೂಚಿ ತೆಗೆಯಿರಿ. ಪ್ರಿಂಟ್ ಹಾಕಿಸಿ ಮಾರ್ಗದರ್ಶಕರಿಗೆ ತೋರಿಸಿ. ಅವರು ಕೆಂಪು ಪೆನ್ನಿನಲ್ಲಿ ಗುರುತಿಸುವುದೆಲ್ಲ ಈಗ ಅಗ್ಗ, ಆರು ಅಧ್ಯಾಯ ಮುಗಿದ ಮೇಲೆ ದುಬಾರಿ.

ಹಂತ 7: ಬರೆಯುತ್ತ ಉಲ್ಲೇಖ ಸೇರಿಸುವುದು

ಜೊಟೆರೊ ತೆರೆದೇ ಇರಲಿ. ವರ್ಡ್‌ನ ಜೊಟೆರೊ ಟ್ಯಾಬ್‌ನಲ್ಲಿ 'ಆಡ್/ಎಡಿಟ್ ಸೈಟೇಷನ್' ಒತ್ತಿ, ಬಂದ ಪಟ್ಟಿಯಲ್ಲಿ ಲೇಖಕರ ಹೆಸರನ್ನೋ ಶೀರ್ಷಿಕೆಯ ಒಂದು ಪದವನ್ನೋ ಟೈಪಿಸಿ ಆರಿಸಿ. ಎಂಟರ್ ಒತ್ತುವ ಮೊದಲು, ಆರಿಸಿದ ಆಕರ ಕಾಣುವ ಗುಳ್ಳೆಯ ಮೇಲೆ ಕ್ಲಿಕ್ ಮಾಡಿ ಪುಟಸಂಖ್ಯೆ ಕೊಡಿ. ಶಾಸನ ಅಥವಾ ವಚನದ ಸಂಖ್ಯೆಯನ್ನು ಅಲ್ಲೇ 'ಸಫಿಕ್ಸ್' ಜಾಗದಲ್ಲಿ ಬರೆಯಿರಿ. ಲೇಖಕರ ಹೆಸರು ವಾಕ್ಯದಲ್ಲೇ ಬಂದಿದ್ದರೆ ಹೆಸರು ಕೈಬಿಡುವ ಚೌಕಕ್ಕೂ ಗುರುತು ಹಾಕಿ.

ಸೇರಿಸಿದ ಉಲ್ಲೇಖದೊಳಗೆ ಕರ್ಸರ್ ಇಟ್ಟು ಕೈಯಿಂದ ತಿದ್ದಬೇಡಿ. 'ಈ ಉಲ್ಲೇಖವನ್ನು ನೀವು ಬದಲಿಸಿದ್ದೀರಿ, ಹಾಗೇ ಉಳಿಸಬೇಕೇ' ಎಂಬರ್ಥದ ಪ್ರಶ್ನೆ ಬಂದಾಗ ಹೌದು ಎಂದರೆ ಆ ಉಲ್ಲೇಖ ಮುಂದೆಂದೂ ಹೊಸ ವಿವರ ಪಡೆಯುವುದಿಲ್ಲ. ತಪ್ಪು ಕಂಡರೆ ಜೊಟೆರೊದ ನಮೂದನ್ನು ತಿದ್ದಿ 'ರಿಫ್ರೆಶ್' ಒತ್ತಿ.

ಫೈಲು ದೊಡ್ಡದಾದಂತೆ ಒಂದೊಂದು ಉಲ್ಲೇಖಕ್ಕೂ ವರ್ಡ್ ತಿಣುಕತೊಡಗಿದರೆ 'ಡಾಕ್ಯುಮೆಂಟ್ ಪ್ರಿಫರೆನ್ಸಸ್'ನಲ್ಲಿ ಉಲ್ಲೇಖಗಳನ್ನು ತಾನಾಗಿ ಅಪ್‌ಡೇಟ್ ಮಾಡುವ ಆಯ್ಕೆ ತೆಗೆದುಬಿಡಿ. ದಿನದ ಕೊನೆಗೊಮ್ಮೆ ರಿಫ್ರೆಶ್ ಮಾಡಿದರೆ ಸಾಕು.

ಈ ಫೈಲನ್ನು ಗೂಗಲ್ ಡಾಕ್ಸ್‌ಗೆ ಏರಿಸಿ ಮತ್ತೆ ಇಳಿಸಿಕೊಂಡರೆ ಉಲ್ಲೇಖಗಳು ಬರೀ ಅಕ್ಷರಗಳಾಗಿ ಉಳಿಯುತ್ತವೆ. ವರ್ಡ್‌ನಿಂದ ಲಿಬ್ರೆಆಫೀಸ್‌ಗೋ ಗೂಗಲ್ ಡಾಕ್ಸ್‌ಗೋ ಹೋಗಲೇಬೇಕಿದ್ದರೆ 'ಡಾಕ್ಯುಮೆಂಟ್ ಪ್ರಿಫರೆನ್ಸಸ್'ನಲ್ಲಿ ಬೇರೆ ವರ್ಡ್ ಪ್ರೊಸೆಸರ್‌ಗೆ ಬದಲಾಯಿಸುವ ಗುಂಡಿಯಿದೆ, ಅದರ ಮೂಲಕವೇ ಹೋಗಿ.

ಹಂತ 8: ಅಧ್ಯಾಯ ಕೂಡಿಸಿ, ಗ್ರಂಥಸೂಚಿ ತೆಗೆಯಿರಿ

ಅಧ್ಯಾಯಕ್ಕೊಂದು ಫೈಲು ಇಟ್ಟುಕೊಂಡಿದ್ದರೆ ಎಲ್ಲದರಲ್ಲೂ ಒಂದೇ ಶೈಲಿ ಇದೆಯೇ ನೋಡಿ, ನಕಲಿಸಿ ಒಂದೇ ಫೈಲಿಗೆ ತನ್ನಿ, ರಿಫ್ರೆಶ್ ಮಾಡಿ. ಕೊನೆಯಲ್ಲಿ 'ಆಡ್/ಎಡಿಟ್ ಬಿಬ್ಲಿಯಾಗ್ರಫಿ' ಒಂದೇ ಸಲ ಒತ್ತಿ.

ಸೂಚಿಯ ಕನ್ನಡ ನಿಮ್ಮ ಫಾಂಟಿನಲ್ಲಿ ಬರದೆ ಬೇರೇನೋ ಆಗಿ ಕಂಡರೆ ಸಾಲುಗಳನ್ನು ಆಯ್ದು ಫಾಂಟು ಬದಲಿಸುತ್ತ ಕೂರಬೇಡಿ. ಮುಂದಿನ ರಿಫ್ರೆಶ್‌ಗೆ ಅದೆಲ್ಲ ಹೋಗುತ್ತದೆ. ವರ್ಡ್‌ನ 'ಬಿಬ್ಲಿಯಾಗ್ರಫಿ' ಸ್ಟೈಲ್ ತಿದ್ದಿ. ಅಲ್ಲಿ ಫಾಂಟು ಆರಿಸಬೇಕಾದ್ದು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಕೆಳಗಿನ ಭಾಗದಲ್ಲಿ, ಏಕೆಂದರೆ ವರ್ಡ್ ಕನ್ನಡವನ್ನು ಆ ಗುಂಪಿಗೆ ಸೇರಿಸಿದೆ. ಮೇಲಿನ ಭಾಗ ಬದಲಿಸಿದರೆ ಇಂಗ್ಲಿಷ್ ಮಾತ್ರ ಬದಲಾಗುತ್ತದೆ.

ಕನ್ನಡ ಮತ್ತು ಇಂಗ್ಲಿಷ್ ಆಕರಗಳನ್ನು ಬೇರೆಬೇರೆ ಪಟ್ಟಿ ಮಾಡಿ ಎಂದು ಹಲವರು ಕೇಳುತ್ತಾರೆ. ಜೊಟೆರೊ ಭಾಷೆಯ ಪ್ರಕಾರ ಪಟ್ಟಿ ಒಡೆದು ಕೊಡುವುದಿಲ್ಲ. ಆದರೆ ಅಕಾರಾದಿಯಾಗಿ ಜೋಡಿಸುವ ಶೈಲಿಗಳಲ್ಲಿ ರೋಮನ್ ಲಿಪಿಯವೆಲ್ಲ ಮೊದಲು, ಕನ್ನಡ ಲಿಪಿಯವೆಲ್ಲ ಅವುಗಳ ನಂತರ ಒಟ್ಟಾಗಿ ಬರುತ್ತವೆ. ಅಂತಿಮ ಪ್ರತಿಯಲ್ಲಿ ನಡುವೆ ಒಂದು ಉಪಶೀರ್ಷಿಕೆ ಹಾಕಿದರೆ ಕೆಲಸ ಮುಗಿಯಿತು. ಅನುಸ್ವಾರವಿರುವ ಹೆಸರುಗಳ ಸ್ಥಾನ ಮಾತ್ರ ನಿಘಂಟಿನ ಕ್ರಮಕ್ಕೆ ಹೊಂದಿದೆಯೇ ನೋಡಿ.

ಹಂತ 9: ಜೀವಂತ ಪ್ರತಿ, ಅಂಗಡಿಗೆ ಕೊಡುವ ಪ್ರತಿ

ಉಲ್ಲೇಖಗಳಿಗೆ ಜೊಟೆರೊದ ಕೊಂಡಿ ಇನ್ನೂ ಇರುವ ಮೂಲ ಫೈಲೇ ಜೀವಂತ ಪ್ರತಿ. ಅದರ ನಕಲನ್ನು ಬೇರೆ ಹೆಸರಿನಲ್ಲಿ ಉಳಿಸಿ. ಆ ನಕಲಿನಲ್ಲಿ ಮಾತ್ರ 'ಅನ್‌ಲಿಂಕ್ ಸೈಟೇಷನ್ಸ್' ಒತ್ತಿ. ಈಗ ಎಲ್ಲವೂ ಸಾಮಾನ್ಯ ಅಕ್ಷರ. ಇದನ್ನು ಹಿಂದಕ್ಕೆ ತಿರುಗಿಸಲಾಗದು. ಪಟ್ಟಿ ಒಡೆಯುವುದು, ಕನ್ನಡ ಹೆಸರುಗಳ ನಡುವೆ ನುಸುಳಿದ ಇಂಗ್ಲಿಷಿನ 'ಆ್ಯಂಡ್', 'ಎಟ್ ಆಲ್' ಪದಗಳನ್ನು 'ಮತ್ತು', 'ಮತ್ತಿತರರು' ಎಂದು ಬದಲಿಸುವುದು, ಬಾಗಿಸಿದ ಕನ್ನಡ ಶೀರ್ಷಿಕೆಗಳನ್ನು ನೆಟ್ಟಗೆ ಮಾಡುವುದು ಇವೆಲ್ಲ ಇಲ್ಲಿ. ಕನ್ನಡ ಅಕ್ಷರ ಓರೆಯಾದರೆ ಒತ್ತುಗಳು ಒಂದರ ಮೇಲೊಂದು ಬೀಳುವುದುಂಟು. ಮಾರ್ಗದರ್ಶಕರು ಒಪ್ಪಿದರೆ ಒಂಟಿ ಉದ್ಧರಣ ಚಿಹ್ನೆ ಹಾಕಿ.

ಡಿಟಿಪಿ ಅಂಗಡಿಗೆ ಹೋಗಬೇಕಾದ್ದು ಈ ನಕಲು ಮಾತ್ರ, ಜೊತೆಗೆ ನೀವೇ ತೆಗೆದ ಪಿಡಿಎಫ್. ಅಲ್ಲಿ ಪುಟವಿನ್ಯಾಸಕ್ಕೆಂದು ಆಸ್ಕಿಗೆ ತಿರುಗಿಸಿದರೆ ಅಕ್ಷರ ಬಿದ್ದುಹೋದದ್ದನ್ನು ಹಿಡಿಯಲು ಆ ಪಿಡಿಎಫ್ ಬೇಕಾಗುತ್ತದೆ.

ಮೌಲ್ಯಮಾಪಕರು ತಿದ್ದುಪಡಿ ಹೇಳಿದರೆ ಮತ್ತೆ ಜೀವಂತ ಪ್ರತಿಗೆ ಬನ್ನಿ. ಅಲ್ಲಿ ತಿದ್ದಿ, ರಿಫ್ರೆಶ್ ಮಾಡಿ, ಹೊಸ ನಕಲು ತೆಗೆದು ಅನ್‌ಲಿಂಕ್ ಮಾಡಿ. ಅಂಗಡಿಯಿಂದ ಮರಳಿ ಬಂದ ಫೈಲಿನಲ್ಲೇ ಹೊಸ ಉಲ್ಲೇಖ ಸೇರಿಸಿದರೆ ಗ್ರಂಥಸೂಚಿಗೆ ಬರುವುದು ಆ ಹೊಸದೊಂದೇ.